ಕಡಿಯದೆ ಮರ ತೂಗುವ ಲೆಕ್ಕ

ಆನೆಯನ್ನು ತೂಗಿದ ಕಥೆ ನೀವು ಕೇಳಿರಬೇಕು. ಆನೆ ಹಿಡಿಸುವಂಥ ತಕ್ಕಡಿ ಎಲ್ಲಿಂದ ತರುವುದು ಎಂದು ಊರೆಲ್ಲ ತಲೆ ಕೆರೆದುಕೊಳ್ಳುತ್ತಿದ್ದಾಗ, ಒಬ್ಬ ಜಾಣ ಅದನ್ನು ದೋಣಿಗೆ ಹತ್ತಿಸಿದ. ದೋಣಿ ಎಷ್ಟು ಮುಳುಗಿತೋ ಅಲ್ಲಿಗೆ ಗೆರೆ ಎಳೆದ. ಆನೆಯನ್ನು ಇಳಿಸಿ, ಅದೇ ಗೆರೆಯವರೆಗೆ ದೋಣಿ ಮುಳುಗುವಷ್ಟು ಕಲ್ಲು ತುಂಬಿಸಿದ. ಆಮೇಲೆ ಕಲ್ಲುಗಳನ್ನು ಒಂದೊಂದಾಗಿ ತೂಗಿ ಕೂಡಿಸಿದ. ಅಷ್ಟೇ!

ಈಗ ನಿಮ್ಮ ಶಾಲೆಯ ಹಿಂದೆ ಒಂದು ತೇಗದ ಮರ ಇದೆ ಎಂದುಕೊಳ್ಳಿ. ಕೆಲವರು ಅದನ್ನು ಸಾಗುವಾನಿ ಎನ್ನುತ್ತಾರೆ. ಅದು ಎಷ್ಟು ಭಾರ? ಮರ ದೋಣಿ ಹತ್ತುವುದಿಲ್ಲ. ಕಡಿದು ತೂಗಿದರೆ ತೂಕವೇನೋ ಸಿಗುತ್ತದೆ, ಆದರೆ ಮರವೇ ಉಳಿಯುವುದಿಲ್ಲ. ಹಾಗಾಗಿ ನಿಂತ ಮರವನ್ನು ನಿಂತಲ್ಲೇ ಬಿಟ್ಟು ಲೆಕ್ಕ ಹಾಕಬೇಕು. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರಗಳನ್ನು ಮಾರುವಾಗ ಬೆಳೆಗಾರರಿಗೆ ಈ ಲೆಕ್ಕ ಬೇಕು. ಕಾಡಿನಲ್ಲಿ ಎಷ್ಟು ನಾಟಾ ಇದೆ ಎಂದು ತಿಳಿಯಲು ಅರಣ್ಯ ಇಲಾಖೆಗೆ ಬೇಕು. ಮರಗಳು ಗಾಳಿಯಿಂದ ಎಷ್ಟು ಇಂಗಾಲ ಹೀರಿಕೊಂಡಿವೆ ಎಂದು ಹುಡುಕುವ ವಿಜ್ಞಾನಿಗಳಿಗೂ ಬೇಕು.

ಇದಕ್ಕೆ ನಾಲ್ಕು ಸಂಗತಿ ತಿಳಿದರೆ ಸಾಕು. ಮರದ ದಪ್ಪ, ಎತ್ತರ, ಆಕಾರ, ಕೊನೆಗೆ ಆ ಜಾತಿಯ ಮರ ಎಷ್ಟು ಗಟ್ಟಿ ಎಂಬುದು. ಬೇಕಾದ ಸಾಮಾನು: ದರ್ಜಿಯ ಟೇಪು, ಒಂದು ಕೋಲು, ಒಂದು ನೋಟ್‌ಬುಕ್ಕು. ಜೊತೆಗೊಬ್ಬ ಗೆಳೆಯನೋ ಗೆಳತಿಯೋ ಇದ್ದರೆ ಒಳ್ಳೆಯದು.

ದಪ್ಪ ಅಳೆಯುವುದು ಎಲ್ಲಿ?

ಮರದ ಬುಡ ಅಗಲವಾಗಿರುತ್ತದೆ, ಮೇಲೆ ಹೋದಂತೆ ಕಿರಿದಾಗುತ್ತದೆ. ನೀವು ಬುಡದಲ್ಲಿ ಅಳೆದು, ನಿಮ್ಮ ಗೆಳತಿ ಕೈ ಎತ್ತಿ ಮೇಲೆ ಅಳೆದರೆ ಒಂದೇ ಮರಕ್ಕೆ ಎರಡು ಉತ್ತರ ಬರುತ್ತವೆ. ಜಗಳವೇ ಬೇಡವೆಂದು ನಮ್ಮ ದೇಶದ ಅರಣ್ಯದವರು ಒಂದು ಎತ್ತರವನ್ನು ಗೊತ್ತು ಮಾಡಿಕೊಂಡಿದ್ದಾರೆ. ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ. ದೊಡ್ಡವರ ಎದೆಮಟ್ಟ. ಅಲ್ಲಿ ಬುಡದ ಉಬ್ಬು ಮುಗಿದಿರುತ್ತದೆ, ಬಗ್ಗದೆ ಏಣಿ ಹಾಕದೆ ಅಳೆಯಬಹುದು. ಮರ ಇಳಿಜಾರಿನಲ್ಲಿದ್ದರೆ ಮೇಲ್ಬದಿಯಲ್ಲಿ ನಿಂತು ಅಳೆಯುತ್ತಾರೆ. ಎದೆಮಟ್ಟಕ್ಕಿಂತ ಕೆಳಗೇ ಮರ ಕವಲೊಡೆದಿದ್ದರೆ ಅದನ್ನು ಎರಡು ಮರವೆಂದು ಎಣಿಸುತ್ತಾರೆ. ಸಿಲ್ವರ್ ಓಕ್‌ಗೆ ಮೆಣಸಿನ ಬಳ್ಳಿ ಹಬ್ಬಿದ್ದರೆ ಟೇಪನ್ನು ಬಳ್ಳಿಯ ಕೆಳಗೆ ತೂರಿಸಬೇಕು. ಇಲ್ಲದಿದ್ದರೆ ಬಳ್ಳಿಯ ದಪ್ಪವೂ ಮರದ ಲೆಕ್ಕಕ್ಕೆ ಸೇರಿಬಿಡುತ್ತದೆ.

ಟೇಪು ಓರೆಯಾಗದಂತೆ, ಸುತ್ತಲೂ ಒಂದೇ ಮಟ್ಟದಲ್ಲಿ ಹಿಡಿಯಿರಿ. ನಮ್ಮ ತೇಗದ ಸುತ್ತಳತೆ 157 ಸೆಂಟಿಮೀಟರ್ ಬಂತು ಎನ್ನೋಣ. ಅದನ್ನು ಪೈ, ಅಂದರೆ 3.14ರಿಂದ ಭಾಗಿಸಿ. 50 ಸೆಂಟಿಮೀಟರ್. ಅದೇ ಮರದ ವ್ಯಾಸ. ಮರದೊಳಗೆ ಹೋಗದೆಯೇ ಈ ಬದಿಯಿಂದ ಆ ಬದಿಗೆ ಎಷ್ಟು ದೂರ ಎಂದು ತಿಳಿಯಿತಲ್ಲ!

ಹತ್ತದೆ ಎತ್ತರ ಅಳೆಯುವುದು

ಬಿಸಿಲಿದ್ದರೆ ಕೆಲಸ ಸುಲಭ. ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ ನೆರಳು ಅಳೆಯಿರಿ. 80 ಸೆಂಟಿಮೀಟರ್ ಇದೆಯೆ? ಕೂಡಲೇ ಮರದ ನೆರಳನ್ನೂ ಅಳೆಯಿರಿ, ತಡಮಾಡಿದರೆ ಸೂರ್ಯ ಸರಿದುಬಿಡುತ್ತಾನೆ. ಅದು 16 ಮೀಟರ್ ಇದ್ದರೆ, 16 ಭಾಗಿಸು 0.8. ಮರ 20 ಮೀಟರ್ ಎತ್ತರ. ಕೋಲಿಗೂ ಮರಕ್ಕೂ ಬಿಸಿಲು ಒಂದೇ ಓರೆಯಲ್ಲಿ ಬೀಳುವುದರಿಂದ ಎರಡರ ನೆರಳೂ ಒಂದೇ ಪ್ರಮಾಣದಲ್ಲಿರುತ್ತದೆ. ಗ್ರೀಸಿನ ಥೇಲ್ಸ್ ಎಂಬ ಪಂಡಿತ ಈಜಿಪ್ಟಿನ ಪಿರಮಿಡ್ಡಿನ ಎತ್ತರವನ್ನು ಹೀಗೇ ನೆರಳಿನಿಂದ ಕಂಡುಹಿಡಿದನೆಂದು ಹಳೆಯ ಕಥೆಯೊಂದು ಹೇಳುತ್ತದೆ.

ಮೋಡ ಕವಿದಿದ್ದರೆ ಕೋಲೊಂದೇ ಸಾಕು. ಕೈಯನ್ನು ಮುಂದಕ್ಕೆ ನೀಡಿ ಕೋಲನ್ನು ನೆಟ್ಟಗೆ ಹಿಡಿಯಿರಿ. ಕಣ್ಣಿನಿಂದ ಮುಷ್ಟಿಗೆ ಎಷ್ಟು ದೂರವೋ, ಮುಷ್ಟಿಯ ಮೇಲೆ ಕೋಲು ಅಷ್ಟೇ ಉದ್ದ ಇರಲಿ. ಒಂದು ಕಣ್ಣು ಮುಚ್ಚಿ ಹಿಂದೆ ಹಿಂದೆ ನಡೆಯಿರಿ. ಮುಷ್ಟಿಯ ಅಂಚಿಗೆ ಮರದ ಬುಡ, ಕೋಲಿನ ತುದಿಗೆ ಮರದ ತುದಿ ಸರಿಯಾಗಿ ಕೂತ ಜಾಗದಲ್ಲಿ ನಿಲ್ಲಿ. ಅಲ್ಲಿಂದ ಮರಕ್ಕೆ ಎಷ್ಟು ದೂರವೋ ಮರದ ಎತ್ತರವೂ ಅಷ್ಟೇ. ಹಿಂದಕ್ಕೆ ನಡೆಯುವಾಗ ಗುಂಡಿ, ರಸ್ತೆ ನೋಡಿಕೊಳ್ಳುವುದು ಜೊತೆಗಾರರ ಕೆಲಸ!

ಎರಡೂ ಉಪಾಯಗಳಿಗೆ ಸಮತಟ್ಟಾದ ನೆಲ ಬೇಕು. ಮರ ನಿಮ್ಮ ಕಡೆಗೆ ಬಾಗಿದ್ದರೆ ಇದ್ದದ್ದಕ್ಕಿಂತ ಎತ್ತರವಾಗಿ ಕಾಣುತ್ತದೆ. ಮಾವಿನಂತೆ ಕೊಡೆಯಾಗಿ ಹರಡಿದ ಮರದಲ್ಲಿ ನಿಜವಾದ ತುದಿ ಮರೆಯಾಗಿ, ಪಕ್ಕದ ಕೊಂಬೆಯನ್ನೇ ತುದಿಯೆಂದು ತಿಳಿಯುವುದುಂಟು. ಅದಕ್ಕೇ ಎರಡು ಕಡೆಯಿಂದ ನೋಡಬೇಕು.

ಮೂಲಂಗಿಯೋ ಕಂಬವೋ?

ಅರ್ಧ ಮೀಟರ್ ವ್ಯಾಸ, 20 ಮೀಟರ್ ಎತ್ತರ. ತೇಗ ಬುಡದಿಂದ ತುದಿಯವರೆಗೆ ಒಂದೇ ದಪ್ಪದ ಕಂಬವಾಗಿದ್ದರೆ ಅದರ ಘನಫಲ 3.14 × 0.25 × 0.25 × 20, ಸುಮಾರು 3.9 ಘನ ಮೀಟರ್. ಆದರೆ ಮರ ಕಂಬವಲ್ಲವಲ್ಲ. ತಲೆಕೆಳಗು ಮಾಡಿದ ಮೂಲಂಗಿಯಂತೆ ಮೇಲೆ ಸಣ್ಣಗಾಗುತ್ತದೆ. ಪೂರ್ತಿ ಚೂಪಾದ ಶಂಕುವಾಗಿದ್ದರೆ ಕಂಬದ ಮೂರನೇ ಒಂದು ಭಾಗ, ಅಂದರೆ 1.3 ಘನ ಮೀಟರ್ ಮಾತ್ರ ಇರುತ್ತಿತ್ತು. ನಿಜವಾದ ಮರ ಈ ಎರಡರ ನಡುವೆ ಎಲ್ಲೋ ಇರುತ್ತದೆ. ಎಷ್ಟೋ ಮರಗಳಲ್ಲಿ ಅದು ಕಂಬದ ಅರ್ಧಕ್ಕಿಂತ ತುಸು ಕಡಿಮೆ. ನಾವು 0.4ರಿಂದ ಗುಣಿಸೋಣ. ನಮ್ಮ ತೇಗದ ಕಾಂಡ ಸುಮಾರು 1.57 ಘನ ಮೀಟರ್.

ಈ 0.4 ಎಲ್ಲ ಮರಕ್ಕೂ ಹೊಂದುವುದಿಲ್ಲ. ಅಡಿಕೆ ಮರ ನೋಡಿ, ಬುಡದಿಂದ ಗರಿಯವರೆಗೆ ಹೆಚ್ಚುಕಡಿಮೆ ಒಂದೇ ದಪ್ಪ. ಅದು ನಿಜಕ್ಕೂ ಕಂಬವೇ. ತೇಗದಂಥ ಮರಗಳಲ್ಲಿ ತೊಗಟೆಯ ಒಳಗಿನ ತೆಳು ಪದರವೊಂದು ಹೊಸ ಮರವನ್ನು ಕಟ್ಟುತ್ತಾ ಕಾಂಡವನ್ನು ದಪ್ಪ ಮಾಡುತ್ತದೆ. ಅಡಿಕೆ, ತೆಂಗಿನಲ್ಲಿ ಆ ಪದರವೇ ಇಲ್ಲ. ಇನ್ನು ಬೆಂಗಳೂರಿನ ಹತ್ತಿರದ ಕೇತೋಹಳ್ಳಿಯ ದೊಡ್ಡ ಆಲದ ಮರದ ಮುಂದೆ ನಿಂತರೆ ನಮ್ಮ ಲೆಕ್ಕ ಕೈಕಟ್ಟಿ ಕೂರಬೇಕು. ಅಲ್ಲಿ ಬಿಳಲುಗಳೇ ಕಾಂಡಗಳಾಗಿ ನಿಂತಿವೆ. ಟೇಪು ಸುತ್ತುವುದು ಯಾವುದಕ್ಕೆ?

ಹಾಗಾದರೆ ಯಾವ ಮರಕ್ಕೆ ಯಾವ ಅಂಕಿ ಎಂದು ತಿಳಿದದ್ದು ಹೇಗೆ? ಬೇರೆ ಕಾರಣಕ್ಕೆ ಕಡಿದ ಅನೇಕ ಮರಗಳನ್ನು ತುಂಡು ತುಂಡಾಗಿ ಅಳೆದು, ಸುತ್ತಳತೆಗೂ ಎತ್ತರಕ್ಕೂ ಘನಫಲಕ್ಕೂ ಇರುವ ನಂಟನ್ನು ಜಾತಿವಾರು ಕೋಷ್ಟಕಗಳಲ್ಲಿ ಬರೆದಿಟ್ಟಿದ್ದಾರೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ ಇಂಥ ಕೆಲಸಕ್ಕೆ ಹೆಸರುವಾಸಿ. ಸೊಟ್ಟಂಬಟ್ಟ ಕೊಂಬೆಗಳನ್ನು ಟೇಪಿನಲ್ಲಿ ಅಳೆಯಲಾಗದಿದ್ದರೆ ನೀರು ತುಂಬಿದ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಎಷ್ಟು ನೀರು ಹೊರಚೆಲ್ಲಿತೋ ಕೊಂಬೆಯ ಘನಫಲ ಅಷ್ಟು.

ದಾರ ಮಡಚುವ ಲೆಕ್ಕ

ಮರದ ವ್ಯಾಪಾರದಲ್ಲಿ ಇನ್ನೊಂದು ಹಳೆಯ ಲೆಕ್ಕವಿದೆ. ದಿಮ್ಮಿಯ ನಡುವಿಗೆ ದಾರ ಸುತ್ತಿ, ಆ ದಾರವನ್ನು ಎರಡು ಸಲ ಮಡಚುತ್ತಾರೆ. ಸುತ್ತಳತೆಯ ಕಾಲುಭಾಗ ಸಿಕ್ಕಿತು. ಅದನ್ನು ಅದರಿಂದಲೇ ಗುಣಿಸಿ, ದಿಮ್ಮಿಯ ಉದ್ದದಿಂದ ಗುಣಿಸಿದರೆ ಆಯಿತು, ಪೈಯ ಗೊಡವೆಯೇ ಇಲ್ಲ. ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ ಎಂಬಾತ 1736ರಲ್ಲಿ ಇಂಥ ಲೆಕ್ಕಗಳ ಕೋಷ್ಟಕ ಪುಸ್ತಕ ಅಚ್ಚು ಹಾಕಿಸಿದ. ಆ ಪದ್ಧತಿ ನಮ್ಮಲ್ಲಿಗೂ ಬಂತು.

ಪರೀಕ್ಷಿಸಿ ನೋಡೋಣ. ನಡುವಿನ ಸುತ್ತಳತೆ 4 ಅಡಿ, ಉದ್ದ 10 ಅಡಿಯ ದಿಮ್ಮಿ. ಕಾಲುಭಾಗ 1 ಅಡಿ. 1 × 1 × 10, ಅಂದರೆ 10 ಘನ ಅಡಿ. ಆದರೆ ಪೈ ಹಾಕಿ ದುಂಡನೆಯ ದಿಮ್ಮಿಯ ಲೆಕ್ಕ ಮಾಡಿದರೆ 12.7 ಘನ ಅಡಿ ಬರುತ್ತದೆ! ಉಳಿದ 2.7 ಘನ ಅಡಿ ಎಲ್ಲಿ ಹೋಯಿತು? ದುಂಡು ದಿಮ್ಮಿಯನ್ನು ಕೊಯ್ದು ಚೌಕದ ತೊಲೆ ಮಾಡುವಾಗ ನಾಲ್ಕು ಬದಿಯ ಸೀಳುಗಳು ಹೇಗೂ ಬೇರೆಯಾಗುತ್ತವೆ. ಆ ನಷ್ಟಕ್ಕೆಂದು ಈ ಲೆಕ್ಕ ಮೊದಲೇ ಒಂದಿಷ್ಟು ಬಿಟ್ಟುಕೊಡುತ್ತದೆ. ಆದ್ದರಿಂದ ಯಾರಾದರೂ ಇಷ್ಟು ಘನ ಅಡಿ ಎಂದರೆ, ಯಾವ ಲೆಕ್ಕದಲ್ಲಿ ಎಂದು ಕೇಳಬೇಕು.

ಆನೆಯ ಮೇಲೆ ಕೂತು ಎಣಿಸಿದವರು

ಒಂದು ಮರಕ್ಕೇ ಇಷ್ಟು ಕೆಲಸ. ಇಡೀ ಕಾಡಿಗೆ? 1856ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಡೀಟ್ರಿಚ್ ಬ್ರಾಂಡಿಸ್ ಬರ್ಮಾದ, ಅಂದರೆ ಇಂದಿನ ಮ್ಯಾನ್ಮಾರಿನ, ತೇಗದ ಕಾಡುಗಳ ಮೇಲ್ವಿಚಾರಣೆಗೆ ಬಂದರು. ಅವರು ಆನೆಯ ಮೇಲೆ ಕೂತು ಕಾಡಿನ ನಡುವೆ ಸಾಲು ಹಿಡಿದು ಸಾಗುತ್ತಿದ್ದರು. ಕೈಯಲ್ಲಿ ನಾಲ್ಕು ಕಡ್ಡಿ, ಒಂದು ಚಾಕು. ದಪ್ಪದ ಪ್ರಕಾರ ತೇಗವನ್ನು ನಾಲ್ಕು ವರ್ಗ ಮಾಡಿಕೊಂಡು, ಒಂದೊಂದು ವರ್ಗಕ್ಕೆ ಒಂದೊಂದು ಕಡ್ಡಿ ಇಟ್ಟುಕೊಂಡಿದ್ದರು. ಮರ ಕಂಡಾಗ ಅದರ ವರ್ಗದ ಕಡ್ಡಿಯಲ್ಲಿ ಒಂದು ಕಚ್ಚು. ಮಳೆಗೆ ಕಾಗದ ನೆನೆದೀತು, ಕಡ್ಡಿಯ ಕಚ್ಚು ಅಳಿಸದು! ಹೀಗೆ ಸಾಲಿನಲ್ಲಿ ಸಿಕ್ಕ ಮರಗಳಿಂದ ಇಡೀ ಕಾಡಿನ ಅಂದಾಜು ಮಾಡಿ, ವರ್ಷಕ್ಕೆ ಎಷ್ಟು ಕಡಿದರೆ ಕಾಡು ಮುಗಿದುಹೋಗುವುದಿಲ್ಲ ಎಂದು ಲೆಕ್ಕ ಹಾಕಿದರು. 1864ರಲ್ಲಿ ಅವರೇ ಭಾರತದ ಅರಣ್ಯಗಳ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆದರು.

ಕೊನೆಗೂ ತೂಕ

ಘನಫಲ ಗೊತ್ತಾಯಿತು. ಇನ್ನು ಒಂದು ಘನ ಮೀಟರ್ ತೇಗ ಎಷ್ಟು ತೂಗುತ್ತದೆ ಎಂದು ತಿಳಿದರೆ ಸಾಕು. ಒಣಗಿದ ತೇಗ ಸುಮಾರು 650 ಕಿಲೋ. ಹಗುರವಾದ ಬೂರುಗ 350–400 ಕಿಲೋ. ದಕ್ಷಿಣ ಅಮೆರಿಕದ ಬಾಲ್ಸಾ 160 ಕಿಲೋ ಆಸುಪಾಸು. ಕರಿಮರ ಸಾವಿರ ಕಿಲೋ ದಾಟುತ್ತದೆ. ಒಂದು ಘನ ಮೀಟರ್ ನೀರಿನ ತೂಕ ಸಾವಿರ ಕಿಲೋ, ಹಾಗಾಗಿ ಕರಿಮರ ನೀರಿನಲ್ಲಿ ಮುಳುಗುತ್ತದೆ.

ಇಲ್ಲೊಂದು ಸೋಜಿಗವಿದೆ. ಮರ ಕೋಟಿಗಟ್ಟಲೆ ಜೀವಕೋಶಗಳಿಂದ ಆಗಿದೆ. ಆ ಕೋಶಗಳ ಗೋಡೆಯನ್ನಷ್ಟೇ ಬೇರ್ಪಡಿಸಿ ತೂಗಿದರೆ ಬಾಲ್ಸಾ ಆಗಲಿ ಕರಿಮರ ಆಗಲಿ ಹೆಚ್ಚುಕಡಿಮೆ ಒಂದೇ ತೂಕ, ನೀರಿನ ಒಂದೂವರೆ ಪಟ್ಟು. ವ್ಯತ್ಯಾಸ ಇರುವುದು ಒಳಗಿನ ಟೊಳ್ಳಿನಲ್ಲಿ. ಬಾಲ್ಸಾದ ಗೋಡೆ ತೆಳು, ಟೊಳ್ಳು ಹೆಚ್ಚು. ಕರಿಮರದ ಗೋಡೆ ದಪ್ಪ, ಟೊಳ್ಳು ಕಡಿಮೆ. ಹಾವೇರಿ ಜಿಲ್ಲೆಯ ಸವಣೂರಿನ ಬಾವೊಬಾಬ್ ಮರಗಳನ್ನು ನೋಡಿದರೆ ಎಷ್ಟು ಭಾರವೋ ಎನಿಸುತ್ತದೆ. ಆದರೆ ಅವುಗಳ ಮರ ಮೆದು, ನೀರು ತುಂಬಿಕೊಳ್ಳುವಂಥದು. ಒಣಗಿದರೆ ಬಲು ಹಗುರ.

ಆ ಟೊಳ್ಳುಗಳಲ್ಲಿ ಗಾಳಿ ಇದೆಯೋ ನೀರಿದೆಯೋ ಎಂಬುದರ ಮೇಲೆ ತೂಕ ಬದಲಾಗುತ್ತದೆ. ಹಸಿ ತೇಗ ಎಷ್ಟು ಭಾರವೆಂದರೆ ಅದನ್ನು ಹೊಳೆಯಲ್ಲಿ ತೇಲಿಸಿ ಸಾಗಿಸುವುದು ಕಷ್ಟ. ಅದಕ್ಕೇ ಬರ್ಮಾದಲ್ಲಿ ಮರದ ಬುಡದ ಸುತ್ತ ತೊಗಟೆಯನ್ನೂ ಹೊರಗಿನ ಬಿಳಿ ಮರವನ್ನೂ ಉಂಗುರದಂತೆ ಕೆತ್ತಿ, ನಿಂತಲ್ಲೇ ಎರಡು ಮೂರು ವರ್ಷ ಒಣಗಿಸಿ, ಆಮೇಲೆ ಕಡಿದು ಹೊಳೆಗೆ ಬಿಡುತ್ತಿದ್ದರು.

ನಮ್ಮ ಮರಕ್ಕೆ ಬರೋಣ. ಒಣ ಲೆಕ್ಕದಲ್ಲಿ 1.57 × 650, ಸುಮಾರು ಒಂದು ಟನ್. ಹಸಿಯಾಗಿ ನೀರಿನಷ್ಟೇ ಭಾರ ಎಂದುಕೊಂಡರೆ ಒಂದೂವರೆ ಟನ್ನಿನಷ್ಟು. ಇದರಲ್ಲಿ ಕೊಂಬೆ, ಎಲೆ, ಬೇರು ಸೇರಿಲ್ಲ.

ಅಂದಾಜೆಂದರೆ ಬಾಯಿಗೆ ಬಂದದ್ದಲ್ಲ

ನೀವು ಹೇಳಬೇಕಾದ ಉತ್ತರ 1,020 ಕಿಲೋ ಎಂದಲ್ಲ, ಸುಮಾರು ಒಂದು ಟನ್ ಎಂದು. ಎಲ್ಲಿ ತಪ್ಪಿದರೆ ಎಷ್ಟು ಕೆಡುತ್ತದೆ ಎಂಬುದೂ ಗೊತ್ತಿರಬೇಕು. ಎತ್ತರದಲ್ಲಿ ನೂರಕ್ಕೆ 10 ತಪ್ಪಿದರೆ ಉತ್ತರವೂ ನೂರಕ್ಕೆ 10 ತಪ್ಪುತ್ತದೆ. ಆದರೆ ಸುತ್ತಳತೆ ನೂರಕ್ಕೆ 10 ಹೆಚ್ಚಾದರೆ ಉತ್ತರ ನೂರಕ್ಕೆ 21 ಏರಿಬಿಡುತ್ತದೆ. ಏಕೆಂದರೆ ದಪ್ಪವನ್ನು ನಾವು ಎರಡು ಸಲ ಗುಣಿಸುತ್ತೇವೆ. ಹಾಗಾಗಿ ಟೇಪು ಹಿಡಿಯುವಾಗಲೇ ಹೆಚ್ಚು ಎಚ್ಚರ ಬೇಕು.

ಈಗ ಆಕಾಶದಿಂದಲೂ ಕಾಡನ್ನು ಅಳೆಯುತ್ತಾರೆ. ಇಸ್ರೋ ಮತ್ತು ನಾಸಾ ಸೇರಿ ಮಾಡಿದ ನಿಸಾರ್ ಉಪಗ್ರಹ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. ಅದರ ರೇಡಾರ್ ಅಲೆಗಳು ಮೋಡವನ್ನು ತೂರಿ ಬಂದು, ಮರಗಳಿಗೆ ತಾಗಿ ಹಿಂದಿರುಗುತ್ತವೆ. ಆ ಮರುದನಿಯಿಂದ ಕಾಡಿನ ತೂಕದ ಅಂದಾಜು ಸಿಗುತ್ತದೆ. ಆದರೆ ಅದು ಸರಿಯೋ ತಪ್ಪೋ ಎಂದು ನೋಡಲು, ನೆಲದ ಮೇಲೆ ಯಾರಾದರೂ ಮರದ ಎದೆಮಟ್ಟಕ್ಕೆ ಟೇಪು ಸುತ್ತಲೇಬೇಕು.

ನೀವೂ ಸುತ್ತಿ. ಅಳೆದ ಎತ್ತರದಲ್ಲಿ ಬಣ್ಣದಿಂದ ಸಣ್ಣ ಗುರುತು ಮಾಡಿ, ದಿನಾಂಕ, ಸುತ್ತಳತೆ, ಎತ್ತರ ಬರೆದಿಡಿ. ಮುಂದಿನ ವರ್ಷ ಅದೇ ತಿಂಗಳಲ್ಲಿ ಅದೇ ಗುರುತಿಗೆ ಅಳೆಯಿರಿ. ಮಳೆಗಾಲದಲ್ಲಿ ನೀರು ಕುಡಿದು ಕಾಂಡ ಕೊಂಚ ಉಬ್ಬುವುದರಿಂದ ತಿಂಗಳು ಬದಲಾಗಬಾರದು. 157 ಇದ್ದದ್ದು 158 ಆಯಿತೆ? ಬರೀ ಒಂದು ಸೆಂಟಿಮೀಟರ್ ಎನ್ನಬೇಡಿ. ಲೆಕ್ಕ ಹಾಕಿದರೆ ಮರಕ್ಕೆ 20 ಲೀಟರಿನಷ್ಟು ಹೊಸ ಕಾಂಡ ಸೇರಿದೆ, ಒಣ ತೂಕದಲ್ಲಿ 13 ಕಿಲೋ. ಅದರಲ್ಲಿ ಅರ್ಧಕ್ಕಿಂತ ತುಸು ಕಡಿಮೆ, ಅಂದರೆ ಸುಮಾರು 6 ಕಿಲೋ, ಇಂಗಾಲ. ಅಷ್ಟು ಇಂಗಾಲಕ್ಕೆ ಮರ ಗಾಳಿಯಿಂದ ಸುಮಾರು 22 ಕಿಲೋ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡಿರಬೇಕು. ನಿಮ್ಮ ಮರದ ಲೆಕ್ಕ ಎಷ್ಟು ಬರುತ್ತದೋ ಮಾಡಿ ನೋಡಿ, ಗುಣಾಕಾರವನ್ನು ಗೆಳೆಯರ ಕೈಲಿ ಇನ್ನೊಮ್ಮೆ ಮಾಡಿಸಿ.