ಹಾಸಿಗೆಯ ಬಳಿಗೆ ಬರಬೇಕಾದ ಯಂತ್ರ

ಚಿತ್ರದುರ್ಗದ ಬೆಟ್ಟಗಳ ನಡುವಿನ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನವಿದೆ. ಅದು ಒಂದು ಕೆರೆಯನ್ನು ಕುರಿತದ್ದು. ಹರಿದು ಹೋಗುವ ನೀರನ್ನು ಬೇಕಾದೆಡೆಯಲ್ಲಿಯೇ ನಿಲ್ಲಿಸಿಕೊಂಡ ವಿವೇಕ ಆ ಕಾಲದ್ದು. ನಾನಿಂದು ಹೇಳಹೊರಟಿರುವ ಚಿಕಿತ್ಸೆಗೂ ನೀರೇ ಆಧಾರ.

ಸೋತ ಮೂತ್ರಪಿಂಡಗಳ ಕೆಲಸವನ್ನು ಮಾಡುವ ಯಂತ್ರವನ್ನು ಹಾಲೆಂಡಿನ ವೈದ್ಯ ವಿಲೆಮ್ ಕೋಲ್ಫ್ 1943ರಲ್ಲಿ ರೋಗಿಗಳ ಮೇಲೆ ಬಳಸಿದರು. ಇಂದು ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ನಡೆಯುತ್ತದೆ. 2016ರಲ್ಲಿ ಘೋಷಿತವಾದ ರಾಷ್ಟ್ರೀಯ ಕಾರ್ಯಕ್ರಮದಿಂದ ಅದು ಜಿಲ್ಲಾ ಆಸ್ಪತ್ರೆಗಳ ಬಡರೋಗಿಗಳಿಗೂ ಎಟುಕುವಂತಾಯಿತು.

ಆದರೆ ಪಾರ್ಶ್ವವಾಯುವಿಗೆ ತುತ್ತಾಗಿಯೋ ಕಾಲು ಕಳೆದುಕೊಂಡೋ ಪುನಶ್ಚೇತನ ಕೇಂದ್ರದಲ್ಲಿದ್ದು ಮತ್ತೆ ನಡೆಯಲು ಕಲಿಯುತ್ತಿರುವ ರೋಗಿಯ ಪಾಡೇನು? ಅಲ್ಲಿ ಯಂತ್ರವಿಲ್ಲದಿದ್ದರೆ ವಾರಕ್ಕೆ ಮೂರು ದಿನ ಅವನನ್ನು ಬೇರೊಂದು ಆಸ್ಪತ್ರೆಗೆ ಒಯ್ದು ತರಬೇಕು. ಮರಳುವಾಗ ಮೈಯಲ್ಲಿ ತ್ರಾಣವಿರದು. ಅಂದಿನ ವ್ಯಾಯಾಮ ತಪ್ಪುತ್ತದೆ. ಒಂದು ಚಿಕಿತ್ಸೆ ಇನ್ನೊಂದರ ಹೊತ್ತನ್ನು ನುಂಗುತ್ತದೆ. ಕೆಲವೆಡೆ ಇಂಥ ರೋಗಿಯನ್ನು ಸೇರಿಸಿಕೊಳ್ಳಲೂ ಹಿಂಜರಿಯುತ್ತಾರೆ.

ಯಂತ್ರವೇ ಅವನ ಬಳಿಗೆ ಬರಬಾರದೇಕೆ? ಪಳಗಿದ ದಾದಿ ಬೇಕು, ತಜ್ಞವೈದ್ಯರ ಮೇಲ್ವಿಚಾರಣೆ ಬೇಕು. ಎಲ್ಲಕ್ಕೂ ಮೊದಲು ನೀರು ಬೇಕು. ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಅತಿಶುದ್ಧ ನೀರು ಖರ್ಚಾಗುತ್ತದೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಬೆರೆತಿರುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಆದರೂ ನೀರನ್ನು ಶುದ್ಧಿಗೊಳಿಸುವ ಚಿಕ್ಕ ಉಪಕರಣವನ್ನು ಯಂತ್ರದೊಡನೆ ಗಾಲಿಗಳ ಮೇಲೆಯೇ ಹಾಸಿಗೆಯ ಪಕ್ಕಕ್ಕೆ ತರಬಹುದು. ಆಗ ಬೆಳಗ್ಗೆ ನಡಿಗೆಯ ಅಭ್ಯಾಸ, ಸಂಜೆ ಡಯಾಲಿಸಿಸ್.

ಜೀವವನ್ನು ಉಳಿಸುವಷ್ಟಕ್ಕೆ ವೈದ್ಯಧರ್ಮ ಮುಗಿಯುವುದಿಲ್ಲ. ಉಳಿದ ಜೀವ ತನ್ನ ಮನೆಯ ಹೊಸ್ತಿಲನ್ನು ತಾನೇ ದಾಟುವಂತಾಗಬೇಕು. ನಮ್ಮ ಜಿಲ್ಲೆಗಳಲ್ಲಿ ಪುನಶ್ಚೇತನ ಕೇಂದ್ರಗಳನ್ನು ಕಟ್ಟುವವರು ನೀರಿನ ಕೊಳವೆಯ ನಕ್ಷೆಯನ್ನು ಎಳೆಯುವಾಗಲೇ ಈ ಮಾತನ್ನು ನೆನೆಯಲಿ.