ಐದನೆಯವನು ಎಲ್ಲಿದ್ದಾನೆ?

ಚನ್ನಗಿರಿ ತಾಲ್ಲೂಕಿನ ನಮ್ಮ ಕೆರೆಬಿಳಚಿಯಲ್ಲಿ ನಾಲ್ಕು ಜನ ಕಟ್ಟೆ ಮೇಲೆ ಕೂತು ಮನೆ ವಿಷಯ ಮಾತಾಡ್ತಿರ್ತಾರೆ. ಐದನೆಯವನು ಬಂದು ನಿಂತರೆ ಕಾಣುತ್ತಾನೆ, ಮಾತು ಅಲ್ಲಿಗೇ ನಿಲ್ಲುತ್ತೆ. ಮೊಬೈಲಿನ ಕಟ್ಟೆಯಲ್ಲಿ ಐದನೆಯವನು ಕಾಣೋದೇ ಇಲ್ಲ.

ಟೆಲಿಗ್ರಾಂನ ಪಬ್ಲಿಕ್ ಗ್ರೂಪಿನಲ್ಲಿ 2 ಲಕ್ಷ ಜನ ಸೇರಬಹುದು. ಸೇರದವರೂ ಓದಬಹುದು, ಅಂಥವರ ಹೆಸರು ಸದಸ್ಯರ ಪಟ್ಟಿಯಲ್ಲಿ ಇರೋದಿಲ್ಲ. ವಾಟ್ಸಾಪ್ ಗ್ರೂಪಿನ ಮಾತಿಗೆ ಬೀಗ ಇದೆ, ನಿಜ. ಆದರೆ ಗ್ರೂಪಿನಲ್ಲಿ 1024 ಮಂದಿ ಇದ್ದರೆ, ಬೀಗದ ಕೈ ಅಷ್ಟೂ ಜನರ ಹತ್ರ ಇರುತ್ತೆ!

ಇಂಜಿನಿಯರಿಂಗ್ ಓದಿದ ನಾನೇ ಇದನ್ನು ಮರೆತೆ. ಸಲಹೆ ಸಿಗಲಿ ಅಂತ ಅಮ್ಮನ ಆಸ್ಪತ್ರೆ ರಿಪೋರ್ಟನ್ನು ದೊಡ್ಡ ಗ್ರೂಪೊಂದಕ್ಕೆ ಹಾಕಿದೆ. ಮರುದಿನವೇ ಗುರುತಿಲ್ಲದವರ ಫೋನು, ಔಷಧಿ ಮಾರೋಕೆ. ಯಾರು ನೋಡಿದ್ರು? ಇವತ್ತಿಗೂ ಗೊತ್ತಾಗಿಲ್ಲ. ಅಮ್ಮ ಕೇಳಿದ್ದು ಒಂದೇ ಮಾತು: "ನನ್ನನ್ನ ಒಂದ್ಸಲ ಕೇಳಬಾರದಿತ್ತಾ?"

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ರು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಅವರು ಹೋರಾಡಿ ಪಡೆದ ಹಕ್ಕನ್ನು ನಾವು ಹೆಬ್ಬೆರಳಲ್ಲಿ ಒತ್ತಿ ಬಿಟ್ಟುಕೊಡ್ತಿದ್ದೀವಿ.

ಕಳಿಸೋ ಮುಂಚೆ ಯೋಚಿಸಿ: ಇದನ್ನ ಸಂತೆಯಲ್ಲಿ ನಿಂತು ಕೂಗಿ ಹೇಳ್ತೀರಾ? ಇಲ್ಲ ಅನ್ನೋದಾದ್ರೆ, ಬೇಕಾದವರೊಬ್ಬರಿಗೆ ಫೋನ್ ಮಾಡಿ, ಸಾಕು.