ಒಂದು ನೀಳವಾದ ಆಕಾಶಶಿಲೆ

ಶಿಕಾರಿಪುರ ಸೀಮೆಯ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ, ಕದಂಬರ ಕಾಲದ ಶಿಲಾಸ್ತಂಭವೊಂದು ನಿಂತಿದೆ. ಎಂಟು ಮುಖಗಳುಳ್ಳ ಆ ಕಂಬದ ಮೇಲೆ ಕುಬ್ಜಕವಿಯ ಶಾಸನವುಂಟು. ಒಂದೆಡೆಯಲ್ಲಿ ನಿಂತು ಅದನ್ನು ಪೂರ್ತಿಯಾಗಿ ಓದಲಾಗದು. ಸುತ್ತ ಬಂದೇ ಓದಬೇಕು. ಆಕಾಶದಲ್ಲಿ ಸಂಚರಿಸುವ ಕಲ್ಲುಗಳನ್ನು ಖಗೋಳಜ್ಞರು ಅರಿಯುವ ಬಗೆಯೂ ಹೆಚ್ಚುಕಡಮೆ ಇದೇ. ಅಲ್ಲಿ ಮಾತ್ರ ನಾವು ಸುತ್ತಬೇಕಾದುದಿಲ್ಲ. ಕಲ್ಲೇ ನಮ್ಮೆದುರಿಗೆ ತಿರುಗುತ್ತದೆ. ಅಂಥ ಒಂದು ಕಲ್ಲಿನ ವಿಚಾರವನ್ನು ಶ್ರೋತೃಗಳ ಮುಂದಿಡುತ್ತೇವೆ.

ಕ್ಷುದ್ರಗ್ರಹಗಳಲ್ಲಿ ಬಹುಪಾಲು ಮಂಗಳ, ಗುರು ಗ್ರಹಗಳ ನಡುವೆ ಸೂರ್ಯನನ್ನು ಸುತ್ತುತ್ತವೆ. ಭೂಮಿಯ ನೆರೆಗೆ ಬರುವುವೂ ಉಂಟು. ಇವುಗಳಲ್ಲಿ ಮೊತ್ತಮೊದಲು ತಿಳಿದುಬಂದುದು ಈರಾಸ್. 1898ನೆಯ ಆಗಸ್ಟ್ 13ರಂದು ಬರ್ಲಿನ್ನಿನಲ್ಲಿ ಗುಸ್ತಾವ್ ವಿಟ್ ಎಂಬವರು ತೆಗೆದ ಛಾಯಾಚಿತ್ರದಲ್ಲಿ ಅದು ಕಾಣಿಸಿಕೊಂಡಿತು. ಸಾಮಾನ್ಯ ದೂರದರ್ಶಕದಲ್ಲಿ ಅದು ಬರಿಯ ಬೆಳಕಿನ ಚುಕ್ಕೆ. ಚುಕ್ಕೆಯ ಆಕಾರವನ್ನು ತಿಳಿಯುವುದೆಂತು?

1901ರಲ್ಲಿ ಆ ಚುಕ್ಕೆ ಕೆಲವೇ ಗಂಟೆಗಳಲ್ಲಿ ಹಿಗ್ಗುತ್ತ ಕುಗ್ಗುತ್ತ ಬೆಳಗುವುದನ್ನು ಫಾನ್ ಓಪೋಲ್ಜರ್ ಗಮನಿಸಿದರು. ಒನಕೆಯೊಂದನ್ನು ನೆಲದ ಮೇಲೆ ಅಡ್ಡಲಾಗಿ ಮಲಗಿಸಿ ಗಿರ್ರನೆ ತಿರುಗಿಸಿದಿರೆನ್ನಿ. ಮಗ್ಗುಲು ನಮ್ಮ ಕಡೆಗಿದ್ದಾಗ ಅದರ ಉದ್ದವೆಲ್ಲ ಕಾಣುತ್ತದೆ. ತುದಿ ನಮ್ಮ ಕಡೆಗೆ ಬಂದಾಗ ಚಿಕ್ಕ ಬಿಲ್ಲೆಯಷ್ಟೇ ಕಾಣುತ್ತದೆ. ಒಂದು ಸುತ್ತಿಗೆ ಎರಡು ಬಾರಿ ಹಿರಿದು, ಎರಡು ಬಾರಿ ಕಿರಿದು. ಈರಾಸ್ ಒಂದು ಸುತ್ತು ತಿರುಗುವ ಕಾಲ 5 ಗಂಟೆ 16 ನಿಮಿಷ. ಅಷ್ಟರಲ್ಲಿ ಅದರ ಬೆಳಕು ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಹಲವು ವರ್ಷಗಳಲ್ಲಿ, ಹಲವು ದಿಕ್ಕುಗಳಿಂದ ಈ ಏರಿಳಿತವನ್ನು ಅಳೆದು ಜೋಡಿಸಿದರೆ ಕಲ್ಲಿನ ರೂಪ ಮೂಡುತ್ತದೆ. 1975ರಲ್ಲಿ ಅದು ಭೂಮಿಯ ಸಮೀಪಕ್ಕೆ ಬಂದಾಗ ರೇಡಿಯೋ ತರಂಗಗಳನ್ನು ಅದರ ಮೇಲೆ ಹಾಯಿಸಿ, ಮರಳಿದ ಪ್ರತಿಧ್ವನಿಯನ್ನೂ ಪರೀಕ್ಷಿಸಿದರು. ಕಡೆಗೆ 2000ದ ಫೆಬ್ರುವರಿಯಲ್ಲಿ ನಿಯರ್ ಷೂಮೇಕರ್ ಎಂಬ ನೌಕೆ ಅದನ್ನು ಸುತ್ತತೊಡಗಿ, ಮರುವರ್ಷ ಫೆಬ್ರುವರಿ 12ರಂದು ಅದರ ಮೇಲೆಯೇ ಇಳಿಯಿತು. ಉದ್ದ ಸುಮಾರು 34 ಕಿಲೋಮೀಟರು, ಅಗಲ 11. ಬೆಳಕು ನುಡಿದುದು ದಿಟವಾಗಿತ್ತು.

ಇದು ಬರಿಯ ಕುತೂಹಲವಲ್ಲ. ಬಿಸಿಲಿಗೆ ಕಾದ ಕಲ್ಲು ತಿರುಗುತ್ತ ತಾಪವನ್ನು ಹೊರಸೂಸುವಾಗ ಅದಕ್ಕೆ ಅತ್ಯಲ್ಪವಾದ ನೂಕು ಒದಗುತ್ತದೆ. ವರ್ಷಗಳು ಕಳೆದಂತೆ ಚಿಕ್ಕ ಕಲ್ಲುಗಳ ದಾರಿ ಅದರಿಂದ ಬದಲಾಗುತ್ತದೆ. ಆಕಾರವನ್ನೂ ತಿರುಗುವ ಬಗೆಯನ್ನೂ ಅರಿಯದೆ ಆ ದಾರಿಯನ್ನು ಬಹುಕಾಲದವರೆಗೆ ಖಚಿತವಾಗಿ ಗುಣಿಸಲಾಗದು. 2004ರಲ್ಲಿ ಕಂಡುಬಂದ ಅಪೋಫಿಸ್ ಎಂಬ ನೀಳಶಿಲೆ, ನಮ್ಮ ಗಡಿಯಾರದಂತೆ 2029ನೆಯ ಏಪ್ರಿಲ್ 14ರ ನಸುಕಿನಲ್ಲಿ, ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿಲೋಮೀಟರು ದೂರದಲ್ಲಿ ಹಾದುಹೋಗಲಿದೆ. ಮೊದಲು ಅದರ ವಿಷಯದಲ್ಲಿ ಆತಂಕವಿದ್ದಿತು. 2021ರ ರೇಡಾರ್ ಅಳತೆಗಳ ಬಳಿಕ, ಇನ್ನು ನೂರು ವರ್ಷವಾದರೂ ಅದು ನಮಗೆ ತಾಗದೆಂದು ನಿಶ್ಚಯವಾಯಿತು.

ನಮ್ಮ ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತೇ ಖಗೋಳಜ್ಞರು ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ನಡೆಸುತ್ತಾರೆ. ಬೆಳಕಿನ ಏರಿಳಿತವನ್ನು ಅಳೆಯುವ ಈ ವಿದ್ಯೆ ನಮಗೆ ದೂರದ್ದಲ್ಲ. ಬರಲಿರುವ ಅತಿಥಿಯ ಭಯದಿಂದ ಬಿಡುಗಡೆಯಾಗಲು ಅವನ ನಡೆಯನ್ನು ತಾಳ್ಮೆಯಿಂದ ಎಣಿಸುವುದಕ್ಕಿಂತ ಮೇಲಾದ ಉಪಾಯವಿಲ್ಲ.